ಕೊಲೆಯ ಕಥೆ ಹೇಳುವವರಿಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಹಿಂದಿ ಚಿತ್ರರಂಗದ ಮಾನ್ಯ ನಿರ್ಮಾಪಕರು, ನಿರ್ದೇಶಕರು ಹಾಗೂ ಚಿತ್ರಕಥೆಗಾರರಲ್ಲಿ,

ದಾವಣಗೆರೆಯ ಹಿರಿಯ ಪ್ರೇಕ್ಷಕನೊಬ್ಬನ ವಂದನೆಗಳು. ಕಳೆದ ಭಾನುವಾರ ಸಂಜೆಯ ಆಟಕ್ಕೆ ನಾನು, ನನ್ನ ಮಡದಿ, ಮಗಳು ಮತ್ತು ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮೊಮ್ಮಗ, ನಾಲ್ವರೂ ನಮ್ಮೂರಿನ ಚಿತ್ರಮಂದಿರಕ್ಕೆ ಹೋಗಿ ಕೊಲೆ ರಹಸ್ಯದ ಹಿಂದಿ ಚಿತ್ರವೊಂದನ್ನು ನೋಡಿ ಬಂದೆವು. ಅಂದು ರಾತ್ರಿ ಮನೆಗೆ ಮರಳಿದಾಗ ಮನಸ್ಸಿನಲ್ಲಿ ಉಳಿದ ನೋವು ಒಂದು ವಾರ ಕಳೆದರೂ ಇಳಿಯದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ಚಿತ್ರದ ಹೆಸರನ್ನಾಗಲಿ, ಅದನ್ನು ತಯಾರಿಸಿದವರ ಹೆಸರನ್ನಾಗಲಿ ನಾನು ಇಲ್ಲಿ ಹೇಳುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ನಾನು ನೋಡಿದ ಇಂತಹ ಹಲವು ಚಿತ್ರಗಳಲ್ಲಿ ಇದೇ ದೋಷ ಕಂಡಿರುವುದರಿಂದ, ಒಬ್ಬರನ್ನು ಬೊಟ್ಟು ಮಾಡಿ ತೋರಿಸುವುದು ನ್ಯಾಯವಾಗದು.

ನನ್ನ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ನನ್ನ ದೂರಿಗೂ ನಾನು ಮಾಡಿದ ಕೆಲಸಕ್ಕೂ ಸಂಬಂಧವಿದೆ. 1985ರಿಂದ 2021ರವರೆಗೆ ನಾನು ನ್ಯಾಯಾಲಯದ ಸಿಬ್ಬಂದಿಯಾಗಿದ್ದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ನಮ್ಮದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿದ್ದುದರಿಂದ ನನ್ನ ಸೇವೆಯ ಮೊದಲ ವರ್ಷಗಳು ಚಿತ್ರದುರ್ಗದಲ್ಲಿ ಕಳೆದವು, ಉಳಿದವು ಇಲ್ಲಿಯೇ. ಸಾಕ್ಷಿಗಳನ್ನು ಕೂಗಿಸುವುದು, ದಾಖಲೆಗಳಿಗೆ ನಿಶಾನೆ ಸಂಖ್ಯೆ ಹಾಕುವುದು, ಮುದ್ದೆಮಾಲುಗಳನ್ನು, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು, ಹಾಜರುಪಡಿಸಿ ಮರಳಿ ಒಳಗಿಡುವುದು ನನ್ನ ದಿನನಿತ್ಯದ ಕೆಲಸ. ಕೊಲೆ ಪ್ರಕರಣಗಳ ವಿಚಾರಣೆಯನ್ನು ಹತ್ತು ಅಡಿ ದೂರದಲ್ಲಿ ಕುಳಿತು ಕೇಳುತ್ತಲೇ ತಲೆಗೂದಲು ಹಣ್ಣಾಯಿತು. ಸಂಜೆ ಮನೆಗೆ ಬಂದರೆ ಮತ್ತೆ ಕೊಲೆಯ ಕಥೆಗಳೇ. ನಾಲ್ಕನೇ ತರಗತಿಯಷ್ಟೇ ಶಾಲೆ ಕಂಡು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ನನ್ನ ಹರೆಯದ ಒಡನಾಡಿಗಳು. ದಿನಕ್ಕಿಷ್ಟು ಪೈಸೆಯೆಂದು ಬಾಡಿಗೆ ತೆತ್ತು ಪುಸ್ತಕ ತಂದು, ಬಾಡಿಗೆ ಏರುವ ಮೊದಲೇ ಮುಗಿಸಬೇಕೆಂದು ರಾತ್ರಿಯಿಡೀ ಓದುತ್ತಿದ್ದ ತಲೆಮಾರು ನಮ್ಮದು. ಹೀಗಾಗಿ ಕೊಲೆ ರಹಸ್ಯದ ಚಿತ್ರವೆಂದರೆ ನಾನು ತಪ್ಪು ಹುಡುಕಲು ಹೋಗುವವನಲ್ಲ, ಆಸೆಯಿಂದ ಹೋಗುವವನು.

ಆ ಆಸೆಯನ್ನು ನಿಮ್ಮ ಚಿತ್ರ ಮೊದಲ ಒಂದು ಗಂಟೆ ಚೆನ್ನಾಗಿಯೇ ಕಾಪಾಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಿಮಾಚಲದ ಬೆಟ್ಟದ ಮೇಲೊಂದು ಹಳೆಯ ಬಂಗಲೆ. ಅರುವತ್ತು ತುಂಬಿದ ಔಷಧ ಕಂಪನಿಯ ಮಾಲೀಕರ ಹುಟ್ಟುಹಬ್ಬ. ಎಂಟು ಜನ ಅತಿಥಿಗಳು. ರಾತ್ರಿ ಸುರಿದ ಹಿಮಕ್ಕೆ ಮುಚ್ಚಿಹೋದ ರಸ್ತೆ. ಬೆಳಿಗ್ಗೆ ಓದುವ ಕೋಣೆಯಲ್ಲಿ ಮಾಲೀಕರ ಶವ. ಹಳೆಯ ಹಂದರವೇ ಆದರೂ ಹಂದರ ಹಳೆಯದಾದ ಮಾತ್ರಕ್ಕೆ ಬಳ್ಳಿ ಹಬ್ಬುವುದಿಲ್ಲವೆಂದೇನಿಲ್ಲ. ಶವದ ಪಕ್ಕದ ಮೇಜಿನ ಮೇಲೆ ಅರ್ಧ ಕುಡಿದ ಚಹಾದ ಪಿಂಗಾಣಿ ಕಪ್ ಒಂದಿತ್ತು. ಅದರ ಹಿಡಿ ಎಡಕ್ಕೆ ತಿರುಗಿತ್ತು. ಕ್ಯಾಮೆರಾ ಅದರ ಮೇಲೆ ಮೂರು ನಾಲ್ಕು ಸೆಕೆಂಡು ನಿಂತಿತು. ಕೆಲಸದ ಹೆಂಗಸು ಬಂದು ಅದನ್ನು ಎತ್ತಿಕೊಳ್ಳಲು ಕೈಚಾಚಿ, ಏನೋ ನೆನಪಾದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ನನ್ನ ಮಡದಿ ಕತ್ತಲಲ್ಲೇ ನನ್ನ ತೋಳು ಹಿಡಿದು, "ರೀ, ಕಪ್ಪಿನ ಹಿಡಿ ಎಡಕ್ಕೈತಿ ನೋಡ್ರಿ, ಕುಡಿದೋರು ಎಡಗೈಯೋರು" ಎಂದಳು. ಮಧ್ಯಂತರದಲ್ಲಿ ನಾವು ನಾಲ್ವರೂ ಹೊರಗೆ ನಿಂತು ಮಾತನಾಡಿದ್ದು ಅದೊಂದೇ ವಿಷಯ. ಊಟದ ದೃಶ್ಯದಲ್ಲಿ ಯಾರು ಯಾವ ಕೈಯಲ್ಲಿ ಚಮಚ ಹಿಡಿದಿದ್ದರು, ಸಹಿ ಹಾಕಿದ ಅಳಿಯ ಯಾವ ಕೈ ಬಳಸಿದ ಎಂದು ಮೊಮ್ಮಗ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ. ಮೂರು ತಲೆಮಾರಿನವರನ್ನು ಒಂದೇ ಪ್ರಶ್ನೆಯ ಸುತ್ತ ಕೂಡಿಸುವ ಈ ಶಕ್ತಿ ಬೇರೆ ಯಾವ ಬಗೆಯ ಚಿತ್ರಕ್ಕೂ ಇಲ್ಲ, ಅದನ್ನು ನೀವು ಕೈಯಾರೆ ಚೆಲ್ಲಿದ್ದಕ್ಕಾಗಿಯೇ ನನಗೆ ಇಷ್ಟು ಸಂಕಟ.

ಏಕೆಂದರೆ ಮಧ್ಯಂತರದ ನಂತರ ಆ ಕಪ್ ಮತ್ತೆ ಬರಲೇ ಇಲ್ಲ. ಯಾರೂ ಅದರ ಬಗ್ಗೆ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಚಿತ್ರ ಮುಗಿಯಲು ಹತ್ತು ನಿಮಿಷ ಇರುವಾಗ, ಸತ್ತವರಿಗೆ ಒಬ್ಬ ಅವಳಿ ತಮ್ಮನಿದ್ದನೆಂದೂ, ಬಾಲ್ಯದಲ್ಲೇ ಅವನನ್ನು ವಿದೇಶಕ್ಕೆ ಸಾಗಹಾಕಲಾಗಿತ್ತೆಂದೂ, ಆಸ್ತಿಗಾಗಿ ಅವನೇ ಬಂದು ಕೊಂದನೆಂದೂ ತನಿಖಾಧಿಕಾರಿ ಹೇಳಿದ. ಅಲ್ಲಿಯವರೆಗೆ ತಮ್ಮನೊಬ್ಬನಿದ್ದಾನೆ ಎಂಬ ಒಂದು ಮಾತಿಲ್ಲ, ಒಂದು ಹಳೆಯ ಫೋಟೋ ಇಲ್ಲ, ಒಂದು ಪತ್ರವಿಲ್ಲ.

ಮಾನ್ಯರೇ, ನನ್ನ ಮುಖ್ಯ ದೂರು ಇದು: ನೀವು ಸಾಕ್ಷ್ಯವನ್ನು ನಮ್ಮ ಮುಂದೆ ಇಡದೆ ತೀರ್ಪು ಓದಿದಿರಿ. ನ್ಯಾಯಾಲಯದಲ್ಲಿ ಎಂತಹ ಘೋರ ಆರೋಪ ಹೊತ್ತವನಿಗೂ, ಅವನ ವಿರುದ್ಧ ಬಳಸಲಿರುವ ಪೊಲೀಸ್ ವರದಿ, ಸಾಕ್ಷಿಗಳ ಹೇಳಿಕೆ, ದಾಖಲೆಗಳ ಪ್ರತಿಗಳನ್ನು ವಿಚಾರಣೆಗೆ ಮೊದಲೇ ಉಚಿತವಾಗಿ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 207ನೇ ಕಲಮು ಹೇಳುತ್ತಿದ್ದುದೂ ಅದನ್ನೇ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮು ಹೇಳುವುದೂ ಅದನ್ನೇ. ಆ ಪ್ರತಿಗಳನ್ನು ಆರೋಪಿಯ ಕೈಗೆ ಕೊಟ್ಟು ಸಹಿ ಪಡೆಯುವುದನ್ನು ನಾನು ನೂರಾರು ಬಾರಿ ನೋಡಿದ್ದೇನೆ. ಅಕ್ಷರ ಬಾರದವನು ಹೆಬ್ಬೆಟ್ಟು ಒತ್ತಿ ಆ ಕಾಗದದ ಕಟ್ಟನ್ನು ಎದೆಗವಚಿಕೊಂಡು ಹೊರಗೆ ಹೋಗುತ್ತಾನೆ. ಕೊಲೆಯ ಆರೋಪಿಗೆ ಸಲ್ಲುವ ಈ ಮರ್ಯಾದೆ, ಹಣ ಕೊಟ್ಟು ಬಂದು ಎರಡೂವರೆ ಗಂಟೆ ಕಣ್ಣು ಮಿಟುಕಿಸದೆ ಕುಳಿತ ಪ್ರೇಕ್ಷಕನಿಗೆ ಸಲ್ಲಬಾರದೇ?

ಇದು ನನ್ನೊಬ್ಬನ ಹಟವೇನೂ ಅಲ್ಲ. 1929ರಲ್ಲಿಯೇ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾವೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು, ಈ ಬಗೆಯ ಕಥೆಗಳಿಗೆ ಹತ್ತು ನಿಯಮಗಳನ್ನು ಬರೆದಿಟ್ಟರು. ಓದುಗನನ್ನು ಮೊದಲೇ ಸಿದ್ಧಗೊಳಿಸದೆ ಅವಳಿ ಸಹೋದರರನ್ನು ತರಕೂಡದು ಎಂಬುದು ಅವುಗಳಲ್ಲಿ ಹತ್ತನೆಯದು. ಅವಳಿಯನ್ನು ತರಲೇಬಾರದು ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಗೋಡೆಯ ಮೇಲೆ ಇಬ್ಬರು ಹುಡುಗರಿರುವ ಮಸುಕಾದ ಚಿತ್ರವೊಂದನ್ನು ಮೊದಲರ್ಧದಲ್ಲಿ ತೋರಿಸಿದ್ದರೆ ಸಾಕಿತ್ತು. ನಾವು ಅದನ್ನು ಗಮನಿಸದೆ ಸೋತಿದ್ದರೆ ಆ ಸೋಲಿನಲ್ಲೂ ಸಂತೋಷವಿರುತ್ತಿತ್ತು, "ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ!" ಎಂದು ತಲೆ ಚಚ್ಚಿಕೊಳ್ಳುವ ಸುಖಕ್ಕಾಗಿಯೇ ನಾವು ಬರುವುದು.

ಎರಡನೆಯ ದೂರು ಇದಕ್ಕಿಂತ ಗಂಭೀರವಾದದ್ದು. ಕೊಲೆಯಾದ ರಾತ್ರಿ ಮಾಲೀಕರ ಹೆಂಡತಿ ಕನ್ನಡಿಯ ಮುಂದೆ ಕುಳಿತು ಓಲೆ ಬಿಚ್ಚುತ್ತಿರುವ ದೃಶ್ಯವೊಂದು ಮೊದಲರ್ಧದಲ್ಲಿದೆ. ಕನ್ನಡಿಯಲ್ಲಿ ಅವರ ಹಿಂದಿನ ಬಾಗಿಲು ಕಾಣುತ್ತದೆ, ಬಾಗಿಲು ಮುಚ್ಚಿದೆ, ಚಿಲಕವೂ ಹಾಕಿದೆ. ನನಗೆ ಅದು ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಹಿತ್ತಾಳೆಯ ಚಿಲಕದ ಮೇಲೆ ದೀಪದ ಬೆಳಕು ಬಿದ್ದು ಹೊಳೆಯುತ್ತಿತ್ತು. ಕೊನೆಯಲ್ಲಿ ಅದೇ ದೃಶ್ಯವನ್ನು ಮತ್ತೆ ತೋರಿಸಿದಾಗ ಬಾಗಿಲು ತೆರೆದಿತ್ತು, ಅಲ್ಲಿ ಆ ತಮ್ಮ ನಿಂತಿದ್ದ. ಮೊದಲ ಸಲ ತೋರಿಸಿದ್ದು ಯಾವುದಾದರೂ ಪಾತ್ರ ಹೇಳಿದ ಸುಳ್ಳಾಗಿದ್ದರೆ ನಾನು ಒಪ್ಪುತ್ತಿದ್ದೆ. ಪಾತ್ರಗಳು ಸುಳ್ಳು ಹೇಳಲೇಬೇಕು. ಆದರೆ ಆ ದೃಶ್ಯ ಯಾರ ಹೇಳಿಕೆಯೂ ಆಗಿರಲಿಲ್ಲ, ಅದು ನೀವೇ ನಮಗೆ ನೇರವಾಗಿ ತೋರಿಸಿದ್ದು. ಮುಖ್ಯ ವಿಚಾರಣೆಯಲ್ಲಿ ಒಂದು ಹೇಳಿ, ಎದುರು ಪಕ್ಷದ ವಕೀಲರ ಪಾಟೀಸವಾಲಿನಲ್ಲಿ ಇನ್ನೊಂದು ಹೇಳಿದ ಸಾಕ್ಷಿಗಳನ್ನು ನಾನು ಬಹಳ ಕಂಡಿದ್ದೇನೆ. ಅವರ ಮೇಲೆ ಬೆದರಿಕೆಯೋ, ಬಡತನವೋ, ನೆಂಟಸ್ತಿಕೆಯೋ ಏನಾದರೊಂದು ಒತ್ತಡವಿರುತ್ತಿತ್ತು. ನಿಮ್ಮ ಕ್ಯಾಮೆರಾಕ್ಕೆ ಯಾವ ಒತ್ತಡವಿತ್ತು? ಕ್ಯಾಮೆರಾದ ಮಾತನ್ನೇ ನಂಬಲಾಗದಿದ್ದರೆ ಪ್ರೇಕ್ಷಕ ಮತ್ತೆ ಯಾವುದನ್ನು ಹಿಡಿದು ಯೋಚಿಸಬೇಕು?

ಇನ್ನು ಆ ತಮ್ಮನೇ ಕೊಲೆಗಾರನೆಂದು ಸಾಬೀತಾದ ಬಗೆಯನ್ನು ನೋಡೋಣ. ತನಿಖಾಧಿಕಾರಿ ಪಿಸ್ತೂಲು ತೋರಿಸಿ ಗದರಿಸಿದ, ತಮ್ಮ ಅಳುತ್ತಾ ಎಲ್ಲವನ್ನೂ ಒಪ್ಪಿಕೊಂಡ, ಚಿತ್ರ ಮುಗಿಯಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯಲ್ಲಿಯೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿಯೂ ಇದೆ. ಒಪ್ಪಿಕೊಳ್ಳುವವನು ಮ್ಯಾಜಿಸ್ಟ್ರೇಟರ ಮುಂದೆ, ಯಾರ ಭಯವೂ ಇಲ್ಲದೆ, ಇದು ತನ್ನ ವಿರುದ್ಧವೇ ಬಳಕೆಯಾಗಬಹುದೆಂದು ತಿಳಿದ ಮೇಲೆ ಹೇಳಬೇಕು. ನಿಮ್ಮ ಚಿತ್ರದ ಕೊಲೆಗಾರ ಮರುದಿನವೇ ಆ ಮಾತನ್ನು ಅಲ್ಲಗಳೆದರೆ ಅವನ ವಿರುದ್ಧ ಉಳಿಯುವುದು ಏನೂ ಇಲ್ಲ. ಸಿನಿಮಾ ಕಾನೂನಿನ ಪಾಠವಲ್ಲ ಎಂದು ನೀವು ಹೇಳಬಹುದು, ಆ ಮಾತು ಸರಿ. ಆದರೆ ನನ್ನ ಆಕ್ಷೇಪಣೆ ಕಾನೂನಿನದಷ್ಟೇ ಅಲ್ಲ, ಕಥೆಯದೂ ಹೌದು: ಕೊಲೆಗಾರ ತಾನೇ ಬಾಯಿಬಿಟ್ಟು ಹೇಳಿದ ಮೇಲೆ ಪತ್ತೇದಾರ ಪತ್ತೆ ಮಾಡಿದ್ದೇನು?

ಕಣ್ಣಾರೆ ಕಂಡ ಸಾಕ್ಷಿಯೂ ಇಲ್ಲದೆ, ತಪ್ಪೊಪ್ಪಿಗೆಯೂ ಇಲ್ಲದೆ, ಬರೀ ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಲ್ಲುವ ಪ್ರಕರಣಗಳೇ ನ್ಯಾಯಾಲಯದಲ್ಲಿ ಅತ್ಯಂತ ಕುತೂಹಲಕರ. 1984ರಲ್ಲಿ ಶರದ್ ಬಿರ್ಧಿಚಂದ್ ಶಾರದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂತಹ ಸಾಕ್ಷ್ಯಕ್ಕೆ ಐದು ಸೂತ್ರಗಳನ್ನು ಹೇಳಿತು. ಅದನ್ನು ಉಲ್ಲೇಖಿಸದ ಕೊಲೆ ಪ್ರಕರಣದ ವಾದವನ್ನು ನಾನು ಕೇಳಿದ್ದೇ ಅಪರೂಪ. ಪ್ರತಿಯೊಂದು ಸಂದರ್ಭವೂ ಮೊದಲು ತಾನೇ ಸಂಪೂರ್ಣವಾಗಿ ರುಜುವಾತಾಗಬೇಕು. ಅವೆಲ್ಲ ಸೇರಿ ಎಲ್ಲೂ ಕಡಿಯದ ಸರಪಳಿಯಾಗಬೇಕು. ಆ ಸರಪಳಿ ಆರೋಪಿಯ ಕಡೆಗೆ ಮಾತ್ರ ಕೈತೋರಿಸಬೇಕು, ಬೇರೆ ಯಾವ ಸಾಧ್ಯತೆಗೂ ಎಡೆ ಕೊಡಬಾರದು. ಒಳ್ಳೆಯ ಪತ್ತೇದಾರಿ ಕಥೆಗೆ ಇದಕ್ಕಿಂತ ಉತ್ತಮ ಲಕ್ಷಣ ನನಗೆ ಗೊತ್ತಿಲ್ಲ. ನಿಮ್ಮ ಚಿತ್ರದಲ್ಲಿ ತೋರಿಸಿದ ಸುಳಿವುಗಳನ್ನಷ್ಟೇ ಹಿಡಿದು ನೋಡಿದರೆ ಅಳಿಯ, ವೈದ್ಯ, ಕೆಲಸದ ಹೆಂಗಸು, ಮೂವರಲ್ಲಿ ಯಾರು ಬೇಕಾದರೂ ಕೊಲೆಗಾರರಾಗಬಹುದಿತ್ತು. ಆಗಲಾರದವನು ಆ ತಮ್ಮನೊಬ್ಬನೇ.

ಸಣ್ಣ ತಪ್ಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ 2025 ಎಂದಿರುವಾಗ ತನಿಖಾಧಿಕಾರಿ ಹಳೆಯ ದಂಡ ಸಂಹಿತೆಯ ಕೊಲೆಯ ಕಲಮು ಹಿಡಿದು "ದಫಾ 302" ಎಂದು ಗುಡುಗುತ್ತಾನೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದು, ಕೊಲೆಯ ಶಿಕ್ಷೆ ಅದರ 103ನೇ ಕಲಮಿನಲ್ಲಿದೆ. ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿಗೆ ಸಂಬಂಧಿಸಿದ್ದು. ವೈದ್ಯರು ಶವದ ಮಣಿಕಟ್ಟು ಮುಟ್ಟಿ ನೋಡಿ "ರಾತ್ರಿ ಹನ್ನೊಂದು ನಲವತ್ತಕ್ಕೆ ಪ್ರಾಣ ಹೋಗಿದೆ" ಎನ್ನುತ್ತಾರೆ. ಶರೀರ ಸೆಟೆಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯೊಳಗೆ ರೆಪ್ಪೆ, ದವಡೆಗಳಲ್ಲಿ ಆರಂಭವಾಗಿ ಸುಮಾರು ಹನ್ನೆರಡು ಗಂಟೆಯಲ್ಲಿ ಮೈಯೆಲ್ಲ ವ್ಯಾಪಿಸುತ್ತದೆ, ಚಳಿಯಲ್ಲಿ ಅದು ಇನ್ನೂ ನಿಧಾನ. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಸಾಕ್ಷಿಕಟ್ಟೆಯಲ್ಲಿ ನಿಂತು ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಎನ್ನುವುದನ್ನು ಕೇಳಿದ್ದೇನೆಯೇ ಹೊರತು ನಿಮಿಷದ ಲೆಕ್ಕ ಹೇಳಿದವರನ್ನು ಒಬ್ಬರನ್ನೂ ಕಂಡಿಲ್ಲ. ಕೊಲೆಗೆ ಬಳಸಿದ ಚಾಕುವನ್ನು ಪಂಚರೆಂಬ ಸಾಕ್ಷಿಗಳ ಎದುರು ಮಹಜರು ಮಾಡಿ, ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಹಾಕುವ ಬದಲು ನಾಯಕ ಬರಿಗೈಯಲ್ಲಿ ಎತ್ತಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಹಾಡುಗಳ ವಿಚಾರಕ್ಕೆ ಬಂದರೆ, ಹಿಂದಿಯಲ್ಲಿ 1969ರ 'ಇತ್ತೆಫಾಕ್', ಕನ್ನಡದಲ್ಲಿ 1989ರ 'ತರ್ಕ' ಒಂದೂ ಹಾಡಿಲ್ಲದೆ ನಮ್ಮನ್ನು ಕುರ್ಚಿಯ ತುದಿಯಲ್ಲಿ ಕೂರಿಸಿದ್ದವು. ಹೆಣ ಎತ್ತುವ ಮೊದಲೇ ಕುಣಿತದ ಹಾಡು ಬಂದಾಗ ನನ್ನ ಮಗಳು ಮುಖ ತಿರುಗಿಸಿಕೊಂಡಳು.

ಮಗಳು ಮುಖ ತಿರುಗಿಸಿದ್ದರಲ್ಲಿ ನನ್ನ ಕೊನೆಯ ದೂರು ಅಡಗಿದೆ. ಎರಡೂವರೆ ಗಂಟೆಯ ಆ ಚಿತ್ರದಲ್ಲಿ ಸತ್ತವರಿಗಾಗಿ ಯಾರೂ ಅಳಲಿಲ್ಲ. ಬಹಳ ವರ್ಷಗಳ ಹಿಂದಿನ ಒಂದು ದಿನ ನನಗೆ ನೆನಪಾಗುತ್ತದೆ. ಕೊಲೆ ಪ್ರಕರಣವೊಂದರಲ್ಲಿ ಸತ್ತ ಹುಡುಗನ ತಾಯಿ ಸಾಕ್ಷಿ ಹೇಳಲು ಬಂದಿದ್ದರು. ಸರ್ಕಾರಿ ಅಭಿಯೋಜಕರು ಕೇಳಿದಂತೆ ನಾನು ಮುದ್ದೆಮಾಲಿನ ಕಟ್ಟು ಬಿಚ್ಚಿ, ಒಳಗಿದ್ದ ಹಸಿರು ಅಂಚಿನ ಟವೆಲನ್ನು ಅವರ ಮುಂದೆ ಹಿಡಿದೆ. ಗುರುತಿಸುತ್ತೀರಾ ಎಂದು ಕೇಳಿದರು. ಆ ತಾಯಿ ಉತ್ತರ ಕೊಡದೆ ಟವೆಲಿನ ಒಂದು ಮೂಲೆಯನ್ನು ಹುಡುಕಿ, ಅಲ್ಲಿ ಹರಿದು ಹೊಲಿದಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಇದು ನಾನೇ ಹೊಲಿದಿದ್ರಿ" ಎಂದರು. ಇಡೀ ಸಭಾಂಗಣ ಸ್ತಬ್ಧವಾಯಿತು. ಆ ಒಂದು ಮಾತು ಗುರುತಿನ ಸಾಕ್ಷ್ಯವೂ ಆಗಿತ್ತು, ಒಂದು ಜೀವದ ಬೆಲೆಯೂ ಆಗಿತ್ತು. ಕೊಲೆಗಾರ ಯಾರೆಂದು ತಿಳಿಯುವ ತವಕ ಹುಟ್ಟುವುದು ಸತ್ತವರು ಯಾರೆಂದು ನಮಗೆ ತಿಳಿದಾಗ ಮಾತ್ರ. ನಿಮ್ಮ ಚಿತ್ರದ ಮಾಲೀಕರು ಹುಟ್ಟುಹಬ್ಬದ ಕೇಕು ಕತ್ತರಿಸುವುದನ್ನು ಬಿಟ್ಟು ನಮ್ಮೆದುರು ಬೇರೇನನ್ನೂ ಮಾಡಲಿಲ್ಲ. ಅವರಿಗೆ ಯಾವ ಊಟ ಇಷ್ಟ, ಯಾರ ಮೇಲೆ ಮಮತೆ, ಯಾವುದರ ಭಯ ಎಂಬುದೊಂದೂ ನಮಗೆ ಗೊತ್ತಾಗಲಿಲ್ಲ.

ಇಂತಹ ಕಥೆಗಳಿಗೆ ವಸ್ತು ಸಾಲದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2020ರಲ್ಲಿ ನಮ್ಮ ಜಿಲ್ಲೆಯ ಪೊಲೀಸ್ ಶ್ವಾನದಳದ ತುಂಗಾ ಎಂಬ ಡಾಬರ್‌ಮನ್ ನಾಯಿ, ಕೊಲೆಯ ಜಾಡು ಹಿಡಿದು ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟಾಗ ಇಡೀ ದೇಶ ದಾವಣಗೆರೆಯ ಕಡೆ ನೋಡಿತು. 2024ರಲ್ಲಿ ಅದೇ ದಳದ ತುಂಗಾ-2 ಮಳೆಯ ರಾತ್ರಿಯಲ್ಲಿ ಸುಮಾರು 8 ಕಿಲೋಮೀಟರ್ ಓಡಿ ಕೊಲೆ ಆರೋಪಿಯಿದ್ದ ಮನೆಯನ್ನು ತಲುಪಿದ್ದರಿಂದ, ಅಲ್ಲಿ ಹಲ್ಲೆಗೆ ಒಳಗಾಗಿದ್ದ ಮಹಿಳೆಯೊಬ್ಬರ ಜೀವವೂ ಉಳಿಯಿತು. ನಾಯಿ ತೋರಿಸಿದ ಜಾಡು ತನಿಖೆಗೆ ದಾರಿ ಮಾತ್ರ, ಅದೊಂದನ್ನೇ ನಂಬಿ ಯಾವ ನ್ಯಾಯಾಧೀಶರೂ ಶಿಕ್ಷೆ ಕೊಡುವುದಿಲ್ಲ. ಅಲ್ಲಿಂದ ಮುಂದೆ ಪೇದೆಗಳೂ ಅಧಿಕಾರಿಗಳೂ ತುಂಡು ತುಂಡಾದ ಮಾಹಿತಿಯನ್ನು ಜೋಡಿಸಬೇಕು. ಆ ಜೋಡಣೆಯ ಕೆಲಸದಲ್ಲಿ ಎಷ್ಟು ಕಥೆಯಿದೆ ಎಂಬುದು ಜಿಲ್ಲಾ ನ್ಯಾಯಾಲಯವೊಂದರ ಹಿಂದಿನ ಬೆಂಚಿನಲ್ಲಿ ಒಂದು ವಾರ ಕುಳಿತವರಿಗೆ ತಿಳಿಯುತ್ತದೆ. ಕೊಲೆ ವಿಚಾರಣೆಗಳು ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲಿಯೇ ನಡೆಯುತ್ತವೆ, ಯಾರು ಬೇಕಾದರೂ ಬಂದು ಕೇಳಬಹುದು. ನಿಮ್ಮ ಚಿತ್ರಕಥೆಗಾರರನ್ನು, ಬರೆಯಲು ಕೂರುವ ಮೊದಲು, ಅಲ್ಲಿಗೆ ಕಳುಹಿಸಿಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಮ್ಮೂರು ಹಿಂದಿ ಚಿತ್ರಗಳಿಗೆ ಹೊಸದಲ್ಲ. ಇಲ್ಲಿನ ಮಂಡಕ್ಕಿ ತಿಂಡಿಯೊಂದಕ್ಕೇ ಹಿಂದಿ ನಟಿ ನರ್ಗಿಸ್ ಅವರ ಹೆಸರಿದೆ. ಚಿಂದೋಡಿ ಲೀಲಾ ಅವರಂತಹ ಕಲಾವಿದೆಯನ್ನು ಕೊಟ್ಟ ನಾಟಕ ಕಂಪನಿಯ ಊರು ಇದು. ಪರದೆ ಎದ್ದ ಮೇಲೆ ಕೊಟ್ಟ ಮಾತಿಗೆ ತಪ್ಪಬಾರದೆಂಬುದನ್ನು ಇಲ್ಲಿನ ಪ್ರೇಕ್ಷಕ ಬಲ್ಲ. ಮುಂದಿನ ಕೊಲೆ ರಹಸ್ಯದ ಚಿತ್ರ ಬಂದಾಗಲೂ ನಾವು ನಾಲ್ವರು ಬರುತ್ತೇವೆ. ಆಗ ಸುಳಿವನ್ನು ನಮ್ಮ ಕಣ್ಣ ಮುಂದೆ ಇಡಿ, ತೋರಿಸಿದ ಬಾಗಿಲನ್ನು ಬದಲಿಸಬೇಡಿ, ಸತ್ತವರ ಪರಿಚಯ ಮಾಡಿಸಿ.

ಮತ್ತೊಂದು ಮನವಿ ನನ್ನ ಮಡದಿಯದು. ಈ ಪತ್ರ ಬರೆಯುತ್ತಿರುವುದು ತಿಳಿದು ಅಡುಗೆಮನೆಯಿಂದಲೇ ಎರಡು ಸಲ ನೆನಪಿಸಿದ್ದಾಳೆ. ಆ ಕಪ್ಪಿನ ಹಿಡಿ ಎಡಕ್ಕೆ ತಿರುಗಿದ್ದೇಕೆ, ಕೆಲಸದ ಹೆಂಗಸು ಕೈ ಹಿಂದಕ್ಕೆ ಎಳೆದುಕೊಂಡದ್ದೇಕೆ ಎಂಬುದನ್ನು ನಿಮ್ಮ ಮೂಲ ಚಿತ್ರಕಥೆಯಲ್ಲಿ ಬರೆದಿದ್ದರೆ, ದಯವಿಟ್ಟು ತಿಳಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನ್ಯಾಯಾಲಯದ ನಿವೃತ್ತ ನೌಕರ
ದಾವಣಗೆರೆ